ಮನೆಯ ಸ್ಪೀಕರ್‌ಗೆ ಎಐ ಬೇಕೇ? ಅಪ್‌ಗ್ರೇಡ್ ಬಟನ್ ಒತ್ತುವ ಮೊದಲು ಮಾಡಬೇಕಾದ ಕೆಲಸಗಳು

ನಮ್ಮ ಮನೆ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಮ್ಮ ಹಾಸನದಿಂದ ಬಂದರೆ ಆರು ತಿಂಗಳು ನಮ್ಮ ಜೊತೆ ಇರುತ್ತಾರೆ. ಅಡುಗೆಮನೆಯ ಕಿಟಕಿ ಪಕ್ಕ ಒಂದು ಪುಟ್ಟ ಸ್ಪೀಕರ್ ಇದೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ಆ ಸ್ಪೀಕರ್‌ಗೆ ಹೇಳಬೇಕಾದ ನಾಲ್ಕೈದು ವಾಕ್ಯಗಳು ಅವರಿಗೆ ಬಾಯಿಪಾಠ. ಇಡ್ಲಿ ಪಾತ್ರೆ ಒಲೆ ಮೇಲಿಟ್ಟ ಕೂಡಲೇ "ಸೆಟ್ ಟೈಮರ್ ಟ್ವೆಲ್ವ್ ಮಿನಿಟ್ಸ್" ಅನ್ನುತ್ತಾರೆ. ಅದು "ಹನ್ನೆರಡು ನಿಮಿಷ, ಶುರು" ಎಂದು ಇಂಗ್ಲಿಷ್‌ನಲ್ಲಿ ಹೇಳಿ ಸುಮ್ಮನಾಗುತ್ತದೆ. ಅಷ್ಟೇ ಸಾಕು ಅವರಿಗೆ.

ಕಳೆದ ವರ್ಷ ಒಂದು ದಿನ ಆ ಸ್ಪೀಕರ್‌ನ ಆ್ಯಪ್ ತೆರೆದಾಗ ಹೊಸ ಎಐ ಸಹಾಯಕಕ್ಕೆ ಅಪ್‌ಗ್ರೇಡ್ ಆಗಿ ಎಂಬ ಸೂಚನೆ ಬಂತು. ನಾನು ಜಾಸ್ತಿ ಯೋಚಿಸದೆ ಒತ್ತಿದೆ. ಮರುದಿನ ಬೆಳಿಗ್ಗೆ ಅಮ್ಮ ಅದೇ ವಾಕ್ಯ ಹೇಳಿದರು. ಸ್ಪೀಕರ್ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಏನೋ ಉದ್ದಕ್ಕೆ ಹೇಳಿತು, ಕೊನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿತು. ಅಮ್ಮನಿಗೆ ಅರ್ಥವಾಗಲಿಲ್ಲ. "ಇದಕ್ಕೇನಾಯ್ತು, ನಿನ್ನೆ ತನಕ ಚೆನ್ನಾಗಿತ್ತಲ್ಲ?" ಎಂದು ಕೇಳಿದರು. ಆಮೇಲೆ ನಾಲ್ಕು ದಿನ ಅವರು ಅದರ ಹತ್ತಿರ ಮಾತಾಡಲೇ ಇಲ್ಲ. ಗೋಡೆ ಗಡಿಯಾರ ನೋಡಿಕೊಂಡೇ ಇಡ್ಲಿ ಬೇಯಿಸಿದರು.

ಅಲ್ಲಿಂದ ನಾನು ಈ ವಿಷಯವನ್ನು ಸರಿಯಾಗಿ ಓದಿ, ಒಂದೊಂದಾಗಿ ಪರೀಕ್ಷೆ ಮಾಡಿ ನೋಡಿದೆ. ನನಗೆ ಖಚಿತವಾದದ್ದು ಇಷ್ಟು: ಅಪ್‌ಗ್ರೇಡ್ ಮಾಡಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಸ್ಪೀಕರನ್ನು ಹೆಚ್ಚು ಬಳಸುವವರ ದಿನಚರಿ ನೋಡಿ ತೀರ್ಮಾನಿಸಬೇಕು. ಆ್ಯಪ್‌ ಇರುವ ಫೋನ್ ಯಾರ ಕೈಯಲ್ಲಿದೆಯೋ ಅವರೊಬ್ಬರೇ ತೀರ್ಮಾನಿಸಬಾರದು. ಅದನ್ನು ಹೇಗೆ ಮಾಡುವುದು ಎಂದು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಇಲ್ಲಿರುವ ಬೆಲೆ, ಸೌಲಭ್ಯಗಳ ವಿವರ ಅಮೆರಿಕದ್ದು, ಯಾಕೆಂದರೆ ಈ ಎಐ ಸಹಾಯಕಗಳು ಮೊದಲು ಬಂದದ್ದು ಇಲ್ಲಿಗೇ. ಪರೀಕ್ಷೆ ಮಾಡುವ ಕ್ರಮ ಮಾತ್ರ ಬೆಂಗಳೂರಾದರೂ ಒಂದೇ, ಬೋಸ್ಟನ್ ಆದರೂ ಒಂದೇ.

ಹಂತ 1: ಒಳಗೆ ಏನು ಬದಲಾಗುತ್ತದೆ ಎಂದು ತಿಳಿದುಕೊಳ್ಳಿ

ಅಪ್‌ಗ್ರೇಡ್ ಅಂದರೆ ಇದ್ದದ್ದಕ್ಕೆ ಸ್ವಲ್ಪ ಹೊಸದು ಸೇರಿಸುವುದು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ಕೆಲಸ ಮಾಡುವ ರೀತಿಯೇ ಬೇರೆಯಾಗುತ್ತದೆ.

ಇಂಥ ಸ್ಪೀಕರ್ ಒಳಗಿಂದ ಮಾತಾಡುವ ಹಳೆಯ ಸಹಾಯಕಗಳು, ಅಂದರೆ ಅಮೆಜಾನ್‌ನ ಅಲೆಕ್ಸಾ ಮತ್ತು ಗೂಗಲ್ ಅಸಿಸ್ಟೆಂಟ್, ನಮ್ಮೂರಿನ ದರ್ಶಿನಿಯ ಕೌಂಟರ್ ಇದ್ದ ಹಾಗೆ. ಪಟ್ಟಿಯಲ್ಲಿ ಇರುವುದನ್ನು ಕೇಳಿದರೆ ತಕ್ಷಣ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಕೇಳಿದರೆ "ಇಲ್ಲ" ಅಷ್ಟೇ. ನೀವು ಅದರ ಹೆಸರು ಕರೆದಾಗ ಸ್ಪೀಕರ್‌ನೊಳಗಿನ ಚಿಕ್ಕ ಪ್ರೋಗ್ರಾಂ ಅದನ್ನು ಗುರುತಿಸುತ್ತದೆ. ನಂತರದ ಮಾತು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ಮಾತು ಅಕ್ಷರವಾಗುತ್ತದೆ. "ಇದು ಟೈಮರ್ ಕೇಳುವ ಮಾತು, ಸಮಯ ಹನ್ನೆರಡು ನಿಮಿಷ" ಎಂದು ಮೊದಲೇ ಮಾಡಿಟ್ಟ ಅಚ್ಚಿಗೆ ಹೊಂದಿಸಿ ಕೆಲಸ ಮುಗಿಸುತ್ತದೆ. ಒಂದೇ ಮಾತಿಗೆ ಸಾಮಾನ್ಯವಾಗಿ ಒಂದೇ ಫಲ.

ಹೊಸದರಲ್ಲಿ ಮಾತು ದೊಡ್ಡ ಭಾಷಾ ಮಾದರಿಯ ಕೈಗೆ ಹೋಗುತ್ತದೆ. ಚಾಟ್‌ಜಿಪಿಟಿ ಒಳಗೆ ಇರುವಂಥದೇ ತಂತ್ರ. ಇದು ಪರಿಚಯದ ಅಡುಗೆಯವರ ಹಾಗೆ. "ಹೊಟ್ಟೆ ಸರಿ ಇಲ್ಲ, ಏನಾದರೂ ಹಗುರವಾಗಿ ಮಾಡಿಕೊಡಿ" ಅಂದರೂ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಯೋಚಿಸಲು ಸಮಯ ಬೇಕು. ಒಮ್ಮೊಮ್ಮೆ ನೀವು ಕೇಳಿದ್ದು ಒಂದು, ಅದು ಮಾಡಿಕೊಡುವುದು ಇನ್ನೊಂದು. ಉತ್ತರವನ್ನು ಪದಕ್ಕೆ ಪದ ಸೇರಿಸಿ ಹೊಸದಾಗಿ ಕಟ್ಟುವುದರಿಂದ ಇವತ್ತಿನ ಉತ್ತರ ನಾಳೆ ಅದೇ ರೂಪದಲ್ಲಿ ಬರುವುದಿಲ್ಲ. ದೀಪ ಹಾಕುವುದಕ್ಕೂ "ಈಗ ಯಾವ ಸಾಧನಕ್ಕೆ ಯಾವ ಆದೇಶ ಕಳಿಸಬೇಕು" ಎಂದು ಅದೇ ತೀರ್ಮಾನಿಸಬೇಕು. ತಡ ಆಗುವುದೂ, ಅಪರೂಪಕ್ಕೆ ಎಡವುವುದೂ ಇದೇ ಕಾರಣಕ್ಕೆ.

ಸಿಗುವ ಲಾಭವೂ ಇಲ್ಲಿಂದಲೇ ಬರುತ್ತದೆ. "ಹಾಲ್‌ನ ದೀಪ ಕಮ್ಮಿ ಮಾಡು, ಫ್ಯಾನ್ ಹಾಕು, ಹತ್ತು ಗಂಟೆಗೆ ಎಲ್ಲಾ ಆರಿಸು" ಎಂದು ಒಂದೇ ಉಸಿರಲ್ಲಿ ಹೇಳಬಹುದು. ಮಧ್ಯದಲ್ಲಿ ತಡವರಿಸಿ ಮಾತು ಬದಲಿಸಬಹುದು. ಪ್ರತಿ ಸಲ ಹೆಸರು ಕರೆಯದೆ ಮಾತು ಮುಂದುವರಿಸಬಹುದು. ಮಕ್ಕಳ "ಯಾಕೆ" ಪ್ರಶ್ನೆಗಳಿಗೆ ಇದು ನಿಜವಾಗಿಯೂ ಚೆನ್ನಾಗಿ ಉತ್ತರಿಸುತ್ತದೆ.

ಹಂತ 2: ಒಂದು ವಾರ ಚೀಟಿ ಬರೆಯಿರಿ

ಇಡೀ ಲೇಖನದಲ್ಲಿ ಇದೊಂದನ್ನೇ ಮಾಡಿದರೂ ನಿಮಗೆ ಅರ್ಧ ಉತ್ತರ ಸಿಗುತ್ತದೆ. ದಯವಿಟ್ಟು ಬಿಡಬೇಡಿ.

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ಏಳು ದಿನ, ಮನೆಯಲ್ಲಿ ಯಾರು ಸ್ಪೀಕರ್ ಹತ್ತಿರ ಮಾತಾಡಿದರೂ ಒಂದು ಸಾಲು ಬರೆಯಲಿ. ಯಾರು, ಏನು ಕೇಳಿದರು, ಮೊದಲ ಸಲಕ್ಕೇ ಆಯಿತಾ, ಅಷ್ಟು ಸಾಕು. ಬರೆಯಲು ಬೇಸರವಾದರೆ ಇನ್ನೊಂದು ದಾರಿ ಇದೆ. ಅಲೆಕ್ಸಾ ಆ್ಯಪ್‌ನ ಖಾಸಗಿತನದ ಪುಟದಲ್ಲಿ ಹಳೆಯ ಮಾತುಗಳ ಪಟ್ಟಿ ಸಿಗುತ್ತದೆ. ಗೂಗಲ್‌ನಲ್ಲಾದರೆ ಮೈ ಆ್ಯಕ್ಟಿವಿಟಿ ಪುಟ. ಆದರೆ ಹಾಳೆಯಲ್ಲಿ ಬರೆದರೆ ಮಾತ್ರ ಗೊತ್ತಾಗುವ ಒಂದು ವಿಷಯವಿದೆ. ಯಾರು ಕೇಳಲು ಹೋಗಿ ಕೈಬಿಟ್ಟರು ಎಂಬುದು.

ವಾರದ ಕೊನೆಯಲ್ಲಿ ಸಾಲುಗಳನ್ನು ಎರಡು ಗುಂಪು ಮಾಡಿ. ಒಂದು, ಪ್ರತಿ ಸಲ ಒಂದೇ ಥರ ಆಗಬೇಕಾದ ಕೆಲಸ: ಟೈಮರ್, ಅಲಾರಾಂ, ದೀಪ, ಔಷಧಿ ನೆನಪಿಸುವುದು, ಹಾಡು, ಹವಾಮಾನ. ಎರಡು, ಮಾತುಕತೆಯ ಕೆಲಸ: ವಿವರಣೆ ಕೇಳುವುದು, ಅಡುಗೆ ಬದಲಿ ಕೇಳುವುದು, ಪ್ರವಾಸದ ಯೋಜನೆ, ಹೋಂವರ್ಕ್, ಮೂರು ನಾಲ್ಕು ಕೆಲಸ ಒಟ್ಟಿಗೆ ಹೇಳುವುದು.

ನಮ್ಮ ಹಾಳೆಯಲ್ಲಿ ಮೊದಲ ಗುಂಪೇ ತುಂಬಿತ್ತು. ಅದರಲ್ಲೂ ಹೆಚ್ಚಿನ ಸಾಲುಗಳು ಅಮ್ಮನವು. ಎರಡನೇ ಗುಂಪಿನಲ್ಲಿ ಇದ್ದದ್ದು ಬಹುತೇಕ ಮಗಳ ಪ್ರಶ್ನೆಗಳು, ಅದೂ ಸಂಜೆ ಹೊತ್ತು, ಹಾಲ್‌ನಲ್ಲಿ. ಆ ಹಾಳೆ ನೋಡಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. "ಎಐ ಬೇಕಾ" ಎಂದು ಕೇಳುತ್ತಿದ್ದವನು "ಯಾವ ಕೋಣೆಗೆ ಬೇಕು, ಯಾರಿಗೆ ಬೇಕು" ಎಂದು ಕೇಳಲು ಶುರು ಮಾಡಿದೆ.

ಮೊದಲ ಗುಂಪು ಮಾತ್ರ ಇದ್ದರೆ, ಮತ್ತು ಈಗಿನ ಸ್ಪೀಕರ್ ಅವನ್ನು ಸರಿಯಾಗಿ ಮಾಡುತ್ತಿದ್ದರೆ, ಅಪ್‌ಗ್ರೇಡ್ ಸದ್ಯಕ್ಕೆ ಬೇಡ. ಮುಂದಿನ ಹಂತಗಳನ್ನು ಓದದಿದ್ದರೂ ನಡೆಯುತ್ತದೆ.

ಹಂತ 3: ನಿಮ್ಮ ಸ್ಪೀಕರ್ ಅದಕ್ಕೆ ಆಗುತ್ತದೆಯೇ ನೋಡಿ

ಸ್ಪೀಕರ್ ತಿರುಗಿಸಿ ಕೆಳಗಿನ ಮಾದರಿ ಹೆಸರು ನೋಡಿ, ಇಲ್ಲವೇ ಆ್ಯಪ್‌ನಲ್ಲಿ ಸಾಧನದ ಪುಟ ತೆರೆಯಿರಿ.

ಅಮೆಜಾನ್ 2025ರ ಫೆಬ್ರವರಿ 26ರಂದು ನ್ಯೂಯಾರ್ಕ್‌ನಲ್ಲಿ ಅಲೆಕ್ಸಾ ಪ್ಲಸ್ ಪ್ರಕಟಿಸಿತು. ಅಲೆಕ್ಸಾದ ಹೊಸ ಎಐ ರೂಪ ಇದು. ಮುಂದಿನ ತಿಂಗಳಿಂದ ಅಮೆರಿಕದಲ್ಲಿ ಹಂತ ಹಂತವಾಗಿ ಕೊಡಲು ಶುರು ಮಾಡಿತು. ಅಮೆಜಾನ್‌ನ ಅಲೆಕ್ಸಾ ಸ್ಪೀಕರ್‌ಗಳ ಹೆಸರು ಎಕೋ. ಅವುಗಳಲ್ಲಿ ಪರದೆ ಇರುವ ಎಕೋ ಶೋ ಮಾದರಿಗಳಿಗೆ ಮೊದಲ ಆದ್ಯತೆ ಸಿಕ್ಕಿತು. ತೀರಾ ಹಳೆಯವಕ್ಕೆ ಅದು ಬರುವುದಿಲ್ಲ. ಮೊದಲ ತಲೆಮಾರಿನ ಎಕೋ, ಎಕೋ ಡಾಟ್, ಎಕೋ ಪ್ಲಸ್, ಎಕೋ ಸ್ಪಾಟ್, ಮೊದಲ ಎರಡು ತಲೆಮಾರಿನ ಎಕೋ ಶೋ, ಮತ್ತು ಎಕೋ ಟ್ಯಾಪ್ ಆ ಪಟ್ಟಿಯಲ್ಲಿವೆ. ಅವು ಹಳೆಯ ಅಲೆಕ್ಸಾ ಆಗಿಯೇ ಉಳಿಯುತ್ತವೆ. ಒಂದೇ ಮನೆಯಲ್ಲಿ ಹಳೆಯದೂ ಹೊಸದೂ ಸೇರಿದರೆ ಎರಡು ಕೋಣೆಯಲ್ಲಿ ಎರಡು ಥರದ ಉತ್ತರ ಬರುತ್ತದೆ. ವಯಸ್ಸಾದವರಿಗೆ ಇದು ಬಹಳ ಗೊಂದಲ.

ಗೂಗಲ್ 2025ರ ಆಗಸ್ಟ್‌ನಲ್ಲಿ ತನ್ನ ಸ್ಪೀಕರ್‌ಗಳ ಹೊಸ ಎಐ ಸಹಾಯಕವಾದ ಜೆಮಿನಿ ಫಾರ್ ಹೋಮ್ ಪ್ರಕಟಿಸಿ, ಅಕ್ಟೋಬರ್ ಕೊನೆಯಲ್ಲಿ ಅಮೆರಿಕದಲ್ಲಿ ಕೊಡಲು ಶುರು ಮಾಡಿತು. 2016ರ ಮೊದಲ ಗೂಗಲ್ ಹೋಮ್ ಸ್ಪೀಕರ್‌ಗೂ ಇದು ಬರುತ್ತದೆ. ಹತ್ತು ವರ್ಷದ ಹಿಂದಿನ ಸಾಮಾನನ್ನು ಕೈಬಿಡದೆ ಇರುವುದು ನನಗೆ ಇಷ್ಟವಾದ ವಿಷಯ. ಆದರೆ ಗೆಳೆಯರ ಜೊತೆ ಮಾತಾಡಿದ ಹಾಗೆ ಹರಟೆ ಹೊಡೆಯುವ ಜೆಮಿನಿ ಲೈವ್ ಹೊಸ ಮಾದರಿಗಳಲ್ಲಿ ಮಾತ್ರ ಇದೆ.

ಆಪಲ್ ಹೋಮ್‌ಪಾಡ್ ಇದ್ದವರು ಕಾಯುವುದು ಒಳ್ಳೆಯದು. ಅದರ ಸಹಾಯಕ ಸಿರಿಯ ಹೊಸ ರೂಪ ತಡವಾಗುತ್ತದೆ ಎಂದು ಆಪಲ್ 2025ರ ಮಾರ್ಚ್‌ನಲ್ಲಿ ಹೇಳಿತ್ತು. 2026ರ ಜನವರಿಯಲ್ಲಿ ಗೂಗಲ್‌ನ ಜೆಮಿನಿ ಮಾದರಿಗಳನ್ನು ಬಳಸುವ ಒಪ್ಪಂದವನ್ನು ಎರಡೂ ಕಂಪನಿಗಳು ಪ್ರಕಟಿಸಿದವು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಪ್‌ಗ್ರೇಡ್‌ಗಾಗಿಯೇ ಹೊಸ ಸ್ಪೀಕರ್ ಕೊಳ್ಳಲು ಈ ಹಂತದಲ್ಲಿ ಹೊರಡಬೇಡಿ. ಹಂತ 5 ಮುಗಿಯಲಿ.

ಹಂತ 4: ತಿಂಗಳ ಲೆಕ್ಕ ಹಾಕಿ

ಅಲೆಕ್ಸಾ ಪ್ಲಸ್ ಅಮೆಜಾನ್‌ನ ಪ್ರೈಮ್ ಎಂಬ ಹಣ ಕಟ್ಟುವ ಯೋಜನೆಯ ಸದಸ್ಯರಿಗೆ ಬೇರೆ ಹಣವಿಲ್ಲದೆ ಸಿಗುತ್ತದೆ. ಪ್ರೈಮ್ ಇಲ್ಲದವರಿಗೆ ಇಟ್ಟ ಬೆಲೆ ತಿಂಗಳಿಗೆ 19.99 ಡಾಲರ್, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 240. ಪ್ರೈಮ್ ಸದಸ್ಯತ್ವವೇ ವರ್ಷಕ್ಕೆ 139 ಡಾಲರ್. ಹಾಗಾಗಿ ಪ್ರೈಮ್ ಇಲ್ಲದೆ ಇದನ್ನು ಮಾತ್ರ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಗೂಗಲ್‌ನಲ್ಲಿ ಸಾಮಾನ್ಯ ಜೆಮಿನಿ ಉಚಿತ. ಜೆಮಿನಿ ಲೈವ್ ಮತ್ತು ಕ್ಯಾಮೆರಾ ಸಂಬಂಧಪಟ್ಟ ಕೆಲವು ಸೌಲಭ್ಯಗಳಿಗೆ ಗೂಗಲ್ ಹೋಮ್ ಪ್ರೀಮಿಯಂ ಬೇಕು. ಅದು ಬಂದಾಗ ಸಾಧಾರಣ ಪ್ಲಾನ್ ತಿಂಗಳಿಗೆ 10 ಡಾಲರ್, ದೊಡ್ಡದು 20 ಡಾಲರ್ ಇತ್ತು. ಹಿಂದೆ ನೆಸ್ಟ್ ಅವೇರ್ ಎಂದಿದ್ದ ಕ್ಯಾಮೆರಾ ಸೇವೆಯ ಜಾಗಕ್ಕೆ ಬಂದದ್ದು ಇದೇ. ನೀವು ಮೊದಲೇ ಅದಕ್ಕೆ ಹಣ ಕಟ್ಟುತ್ತಿದ್ದರೆ ನಿಮ್ಮ ಬಿಲ್ ತೆಗೆದು ನೋಡಿ, ಸೌಲಭ್ಯ ನಿಮಗಾಗಲೇ ಬಂದಿರಬಹುದು.

ಉಚಿತ ಅಂದ ತಕ್ಷಣ ಖರ್ಚಿಲ್ಲ ಎಂದು ತಿಳಿಯಬೇಡಿ. ಇವತ್ತಿನ ಉಚಿತ ಸೇವೆಗೆ ಮನೆಯವರೆಲ್ಲ ಹೊಂದಿಕೊಂಡ ಮೇಲೆ ನಾಳೆ ಬೆಲೆ ಬಂದರೆ ಬಿಡುವುದು ಕಷ್ಟ. "ತಿಂಗಳಿಗೆ ಹತ್ತು ಡಾಲರ್ ಕೊಡಬೇಕಾದರೂ ಇದು ಬೇಕಾ?" ಎಂದು ಈಗಲೇ ಕೇಳಿಕೊಳ್ಳಿ.

ಹಂತ 5: ಸ್ಪೀಕರ್ ಮುಟ್ಟದೆ, ಮೊದಲು ಫೋನಿನಲ್ಲಿ ಪರೀಕ್ಷೆ ಮಾಡಿ

ನಾನು ಮೊದಲು ಮಾಡಬೇಕಿದ್ದ ಕೆಲಸ ಇದೇ. ಜೆಮಿನಿ ಆ್ಯಪ್ ಅನ್ನು ಗೂಗಲ್ ಹೋಮ್‌ಗೆ ಜೋಡಿಸಿದರೆ ಫೋನಿನಿಂದಲೇ ದೀಪ, ಫ್ಯಾನ್ ನಿಯಂತ್ರಿಸಬಹುದು. ಅಮೆರಿಕದಲ್ಲಿ ಅಲೆಕ್ಸಾ ಪ್ಲಸ್ ಕೂಡ ಆ್ಯಪ್‌ನಲ್ಲಿ ಮತ್ತು ಅಲೆಕ್ಸಾ ಡಾಟ್ ಕಾಮ್‌ನಲ್ಲಿ ಸಿಗುತ್ತದೆ. ಗೋಡೆ ಪಕ್ಕದ ಸ್ಪೀಕರ್ ಹಾಗೇ ಇರಲಿ.

ನಿಮ್ಮ ಫ್ರಿಜ್ ಹಾಳೆಯಿಂದ ಹತ್ತು ಸಾಲು ಆರಿಸಿ. ಏಳು ಮೊದಲ ಗುಂಪಿನವು, ಮೂರು ಎರಡನೆಯವು. ಪ್ರತಿಯೊಂದನ್ನೂ ಐದು ಸಲ ಹೇಳಿ, ಮೂರು ಬೇರೆ ಬೇರೆ ದಿನ. ಹೀಗೆ ಸುಮ್ನೆ ಹೇಳುತ್ತಿಲ್ಲ. ಹೊಸ ಮಾದರಿ ಒಂದು ಸಲ ಸರಿಯಾಗಿ ಮಾಡಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಐದಕ್ಕೆ ಐದೂ ಸರಿಯಾದರೆ ಮಾತ್ರ ಟೈಮರ್‌ನಂಥ ಕೆಲಸಕ್ಕೆ ನಂಬಬಹುದು.

ಮಾತು ನಿಲ್ಲಿಸಿದ ಕ್ಷಣದಿಂದ ಕೆಲಸ ಆಗುವವರೆಗೆ ಇನ್ನೊಂದು ಫೋನಿನ ಸ್ಟಾಪ್‌ವಾಚ್ ಒತ್ತಿ. ನಂತರ ಅದೇ ಮಾತನ್ನು ಹಳೆಯ ಸ್ಪೀಕರ್‌ಗೆ ಹೇಳಿ, ಅದರ ಸಮಯವನ್ನೂ ಬರೆಯಿರಿ. ಕತ್ತಲೆ ಕೋಣೆಗೆ ಹೋಗಿ ದೀಪಕ್ಕೆ ಕಾಯುವಾಗ ಮೂರು ಸೆಕೆಂಡ್ ಬಹಳ ದೊಡ್ಡದು. ಕೈಯಲ್ಲಿ ಮಗು ಇದ್ದರಂತೂ ಇನ್ನೂ ದೊಡ್ಡದು.

ಪರೀಕ್ಷೆ ಮಾಡುವವರು ನೀವೊಬ್ಬರೇ ಆಗಬಾರದು. ಅಮ್ಮ, ಅಪ್ಪ, ಮಕ್ಕಳು, ಮನೆಯಲ್ಲಿ ಯಾರಿದ್ದಾರೋ ಅವರೆಲ್ಲ ತಮ್ಮ ಮಾತಿನಲ್ಲೇ ಹೇಳಲಿ. ನೀವು ತಿದ್ದಬೇಡಿ, ಪಕ್ಕದಲ್ಲಿ ಹೇಳಿಕೊಡಬೇಡಿ. ಒಂದು ಪರೀಕ್ಷೆಯನ್ನು ಮಿಕ್ಸಿ ತಿರುಗುವಾಗ, ಒಲೆ ಮೇಲಿನ ಎಕ್ಸಾಸ್ಟ್ ಫ್ಯಾನ್ ಓಡುವಾಗ ಮಾಡಿ. ನಿಜವಾದ ಅಡುಗೆಮನೆ ಹಾಗೇ ಇರುತ್ತದೆ, ಅಲ್ವಾ?

ಎರಡನೇ ಗುಂಪಿನ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ನಿಮಗೆ ಮೊದಲೇ ಚೆನ್ನಾಗಿ ಗೊತ್ತಿರಲಿ. ನಿಮ್ಮ ಊರಿನ ಬಗ್ಗೆಯೋ, ನಿಮ್ಮ ವೃತ್ತಿಯ ಬಗ್ಗೆಯೋ ಕೇಳಿ. ತಪ್ಪನ್ನೂ ಸರಿಯನ್ನೂ ಅದು ಒಂದೇ ಧೈರ್ಯದಲ್ಲಿ ಹೇಳುತ್ತದೆ ಎಂಬುದು ಆಗ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಹಳೆಯ ಸ್ಪೀಕರ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಿತ್ತು. ಮಕ್ಕಳು ಹೋಂವರ್ಕ್‌ಗೆ ಬಳಸುವ ಮನೆಯಲ್ಲಿ ಈ ಪರೀಕ್ಷೆಯನ್ನು ಮಕ್ಕಳ ಎದುರಿಗೇ ಮಾಡಿ. ಔಷಧಿ ಎಷ್ಟು ತೆಗೆದುಕೊಳ್ಳಬೇಕು ಎಂಬಂಥ ಪ್ರಶ್ನೆ ಮಾತ್ರ ಇದರ ಹತ್ತಿರ ಕೇಳಲೇಬಾರದು ಎಂದು ಮನೆಯವರಿಗೆಲ್ಲ ಹೇಳಿ.

ಹಂತ 6: ಕನ್ನಡದ ಪ್ರಶ್ನೆ

ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಇದು. ಎಐ ಬಂದರೆ ಅಮ್ಮ ಕನ್ನಡದಲ್ಲೇ ಮಾತಾಡಬಹುದು ಎಂಬ ಆಸೆಯಿಂದಲೇ ನಾನು ಆ ಬಟನ್ ಒತ್ತಿದ್ದು.

ಸ್ಪೀಕರ್‌ಗಳ ಕಥೆ ಹೀಗಿದೆ. ಎಕೋ ಭಾರತಕ್ಕೆ ಬಂದದ್ದು 2017ರಲ್ಲಿ, ಗೂಗಲ್ ಹೋಮ್ 2018ರಲ್ಲಿ. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ ಸೇರಿತು. ಅಲೆಕ್ಸಾಗೆ ಹಿಂದಿ ಬಂದದ್ದು 2019ರಲ್ಲಿ. ಫೋನಿನ ಕಥೆ ಬೇರೆ. ಗೂಗಲ್ ತನ್ನ ಅಸಿಸ್ಟೆಂಟ್‌ಗೆ ಕನ್ನಡ ಸೇರಿಸುವುದಾಗಿ 2018ರಲ್ಲೇ ಹೇಳಿತ್ತು. 2024ರ ಜೂನ್‌ನಲ್ಲಿ ಜೆಮಿನಿ ಆ್ಯಪ್ ಭಾರತದಲ್ಲಿ ಬಂದಾಗ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಅದೇ ವರ್ಷ ಜೆಮಿನಿ ಲೈವ್‌ನಲ್ಲೂ ಕನ್ನಡ ಬಂತು.

ಅಂದರೆ ಕನ್ನಡದಲ್ಲಿ ಮಾತಾಡುವ ಎಐ ಬೇಕಿದ್ದರೆ ಸ್ಪೀಕರ್‌ಗಿಂತ ಮೊದಲು ಫೋನ್ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಜೆಮಿನಿ ತೆರೆದು, ಲೈವ್ ಒತ್ತಿ, ಕನ್ನಡದಲ್ಲೇ ಮಾತು ಶುರು ಮಾಡಿ. ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ. ಹಾಸನದ "ಏನ್ ಮಾಡ್ಬೇಕು" ಮತ್ತು ಧಾರವಾಡದ "ಏನ್ ಮಾಡಬೇಕ್ರಿ" ಎರಡಕ್ಕೂ ಅದು ಹೇಗೆ ಉತ್ತರಿಸುತ್ತದೆ ಎಂದು ನೋಡಿ. ಉತ್ತರದಲ್ಲಿ ಪುಸ್ತಕದ ಕನ್ನಡ ಜಾಸ್ತಿಯಾದರೆ "ಮನೆಯಲ್ಲಿ ಮಾತಾಡುವ ಹಾಗೆ ಹೇಳು, ಚಿಕ್ಕದಾಗಿ ಹೇಳು" ಅನ್ನಿ.

ಸ್ಪೀಕರ್ ಹತ್ತಿರ ಇಂಗ್ಲಿಷ್‌ನಲ್ಲೇ ಮಾತಾಡುವುದಾದರೂ ಕನ್ನಡದ ಹೆಸರುಗಳನ್ನು ಪರೀಕ್ಷಿಸಿ. ದಾಸರ ಪದ, ಗಾಯಕರ ಹೆಸರು, ಫೋನ್ ಪಟ್ಟಿಯಲ್ಲಿರುವ ಅತ್ತೆ, ಚಿಕ್ಕಪ್ಪನ ಹೆಸರು, ಊರಿನ ಹೆಸರು. ವಾಕ್ಯ ಇಂಗ್ಲಿಷ್, ಹೆಸರು ಕನ್ನಡ, ಹೀಗೆ ಬೆರೆಸಿ ಮಾತಾಡುವುದೇ ನಮ್ಮ ರೂಢಿ. ಹಳೆಯದು ಎಡವುತ್ತಿದ್ದ ಹೆಸರನ್ನು ಹೊಸದು ಹಿಡಿದರೆ ಅದು ನಿಜವಾದ ಲಾಭ. ಹಾಳೆಯಲ್ಲಿ ಗುರುತು ಹಾಕಿ.

ಹಂತ 7: ಮನೆಯ ಮಾತು ಎಲ್ಲಿಗೆ ಹೋಗುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕೆಲವು ಎಕೋ ಮಾದರಿಗಳಲ್ಲಿ ಧ್ವನಿಯನ್ನು ಹೊರಗೆ ಕಳಿಸದೆ ಸಾಧನದಲ್ಲೇ ಅರ್ಥ ಮಾಡಿಕೊಳ್ಳುವ ಆಯ್ಕೆ ಇತ್ತು. ಅಮೆಜಾನ್ 2025ರ ಮಾರ್ಚ್ 28ರಿಂದ ಅದನ್ನು ನಿಲ್ಲಿಸಿತು. ಈಗ ಎಲ್ಲರ ಮಾತೂ ಸರ್ವರ್‌ಗೆ ಹೋಗುತ್ತದೆ. "ಧ್ವನಿಯನ್ನು ಉಳಿಸಬೇಡ" ಎಂಬ ಆಯ್ಕೆ ಮಾತ್ರ ಉಳಿದಿದೆ. ಅದನ್ನು ಆರಿಸಿದರೆ ಯಾರು ಮಾತಾಡುತ್ತಿದ್ದಾರೆ ಎಂದು ಗುರುತಿಸುವ ವಾಯ್ಸ್ ಐಡಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಎರಡು ಮೂರು ಜನರ ಕ್ಯಾಲೆಂಡರ್ ಬೇರೆ ಬೇರೆ ಇದ್ದರೆ ಇದು ಮುಖ್ಯವಾಗುತ್ತದೆ. ನಾನಾದರೆ ಧ್ವನಿ ಉಳಿಸದೆ ಇರುವುದನ್ನೇ ಆರಿಸುತ್ತೇನೆ.

ಇದು ಸುಮ್ಮನೆ ಹೆದರಿಕೆ ಹುಟ್ಟಿಸುವ ಮಾತಲ್ಲ. ಮಕ್ಕಳ ಧ್ವನಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆರೋಪದಲ್ಲಿ ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಸಿರಿ ವಿಷಯದ ಮೊಕದ್ದಮೆಯಲ್ಲಿ ಆಪಲ್ 9.5 ಕೋಟಿ ಡಾಲರ್‌ಗೆ ರಾಜಿಯಾದ ಸುದ್ದಿ 2025ರ ಆರಂಭದಲ್ಲಿ ಬಂತು. 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಮೂರರಲ್ಲೂ ಕೆಲವು ಧ್ವನಿಗಳನ್ನು ಕೆಲಸಗಾರರು ಕೂತು ಕೇಳುತ್ತಿದ್ದರು ಎಂಬುದು ಪತ್ರಿಕೆಗಳಲ್ಲಿ ಬಂದಿತ್ತು.

ಎಐ ಸಹಾಯಕದ ಜೊತೆ ನಾವು ಹೆಚ್ಚು ಹೊತ್ತು, ಹೆಚ್ಚು ವಿವರವಾಗಿ ಮಾತಾಡುತ್ತೇವೆ. ಟೈಮರ್‌ನಲ್ಲಿ ಗುಟ್ಟು ಏನೂ ಇಲ್ಲ. ಆದರೆ "ಅಮ್ಮನಿಗೆ ಈ ಔಷಧಿ ಶುರು ಮಾಡಿದ್ದಾರೆ, ಯಾವ ಊಟ ಕೊಡಲಿ" ಎಂಬ ಮಾತಿನಲ್ಲಿ ಬಹಳಷ್ಟಿದೆ. ಹಾಗಾಗಿ ಈ ಸೆಟ್ಟಿಂಗ್‌ಗಳನ್ನು ಅಪ್‌ಗ್ರೇಡ್‌ಗೆ ಮೊದಲೇ ಮಾಡಿ ಮುಗಿಸಿ: ಧ್ವನಿ ಉಳಿಸುವ ಅವಧಿ, ಹಳೆಯ ಧ್ವನಿ ಅಳಿಸುವುದು, ಮಾತಿನಲ್ಲಿ ಖರೀದಿ ಮಾಡುವುದನ್ನು ನಿಲ್ಲಿಸುವುದು, ಬಾಗಿಲ ಬೀಗಕ್ಕೆ ಪಿನ್ ಹಾಕುವುದು, ಮಕ್ಕಳಿಗೆ ಬೇರೆ ಪ್ರೊಫೈಲ್. ಮಲಗುವ ಕೋಣೆಯ ಸ್ಪೀಕರ್‌ನ ಮೈಕ್ ಆಫ್ ಬಟನ್ ಎಲ್ಲಿದೆ ಎಂದು ಮನೆಯವರಿಗೆಲ್ಲ ತೋರಿಸಿ. ಮನೆಗೆ ಬಂದ ನೆಂಟರಿಗೂ ಅದು ಕೇಳಿಸಿಕೊಳ್ಳುವ ಸಾಧನ ಎಂದು ಹೇಳುವುದು ಮರ್ಯಾದೆ.

ಮಕ್ಕಳ ವಿಷಯದಲ್ಲಿ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಅಮೆರಿಕದ ಮಕ್ಕಳ ಆನ್‌ಲೈನ್ ಖಾಸಗಿತನದ ಕಾನೂನು 13 ವರ್ಷದ ಒಳಗಿನವರಿಗೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ.

ಹಂತ 8: ವಾಪಸ್ ಬರುವ ದಾರಿ ಇದೆಯೇ?

ಎರಡು ಕಂಪನಿಗಳ ನಡುವೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಅಲೆಕ್ಸಾ ಪ್ಲಸ್ ಹಿಡಿಸದಿದ್ದರೆ "ಅಲೆಕ್ಸಾ, ಎಕ್ಸಿಟ್ ಅಲೆಕ್ಸಾ ಪ್ಲಸ್" ಎಂದರೆ ಹಳೆಯದಕ್ಕೆ ಮರಳಬಹುದು. ಜೆಮಿನಿ ಫಾರ್ ಹೋಮ್ ಶುರುವಾದಾಗ ಗೂಗಲ್ ಹೇಳಿದ್ದು ಬೇರೆ. ಮನೆ ಒಮ್ಮೆ ಜೆಮಿನಿಗೆ ಬದಲಾದರೆ ಮತ್ತೆ ಅಸಿಸ್ಟೆಂಟ್‌ಗೆ ಮರಳಲು ಆಗುವುದಿಲ್ಲ. ಅದೂ ಒಂದು ಸ್ಪೀಕರ್ ಮಾತ್ರ ಬದಲಾಗುವುದಲ್ಲ, ಆ ಮನೆಗೆ ಸೇರಿಸಿದ ಎಲ್ಲ ಸ್ಪೀಕರ್‌ಗಳೂ ಬದಲಾಗುತ್ತವೆ. ಗೂಗಲ್ ಸ್ಪೀಕರ್ ಇದ್ದವರು ಹಂತ 5 ಅನ್ನು ಇನ್ನೂ ಶ್ರದ್ಧೆಯಿಂದ ಮಾಡಬೇಕು. ಒತ್ತುವ ಮೊದಲು ಪರದೆ ಮೇಲಿನ ಷರತ್ತನ್ನು ಓದಿ, ಫೋಟೊ ತೆಗೆದಿಟ್ಟುಕೊಳ್ಳಿ.

ಯಾವುದಾದರೂ ಸರಿ, ಮೊದಲು ಇವನ್ನು ಬರೆದಿಡಿ: ಎಲ್ಲಾ ರೂಟೀನ್‌ಗಳು (ಒಂದೇ ಮಾತಿಗೆ ಹಲವು ಕೆಲಸ ಆಗುವಂತೆ ಮೊದಲೇ ಮಾಡಿಟ್ಟವು) ಮತ್ತು ಅವನ್ನು ಶುರು ಮಾಡುವ ಮಾತು, ಅಲಾರಾಂ, ರಿಮೈಂಡರ್, ಸಾಮಾನು ಪಟ್ಟಿ, ಜೋಡಿಸಿದ ಹಾಡಿನ ಸೇವೆ. ಸ್ಕ್ರೀನ್‌ಶಾಟ್ ಸಾಕು. ಜೊತೆಗೆ ಸಾಧನಗಳ ಹೆಸರು ಶುದ್ಧ ಮಾಡಿ. "ಲೈಟ್", "ಲೈಟ್ 2", "ಹಾಲ್ ಲೈಟ್ ಹೊಸದು" ಎಂದೆಲ್ಲ ಇದ್ದರೆ ಹೊಸ ಸಹಾಯಕ ತನ್ನ ಊಹೆಯಿಂದ ಒಂದನ್ನು ಆರಿಸುತ್ತದೆ. ಬಳಸದ ಹಳೆಯ ಪ್ಲಗ್‌ಗಳನ್ನು ತೆಗೆದುಹಾಕಿ. ಅರ್ಧ ತಪ್ಪುಗಳು ಇದರಲ್ಲೇ ಕಮ್ಮಿಯಾಗುತ್ತವೆ.

ಹಂತ 9: ಅಪ್‌ಗ್ರೇಡ್ ಮಾಡಿದ ದಿನ

ಶನಿವಾರ ಬೆಳಿಗ್ಗೆ ಮಾಡಿ, ಮನೆಯಲ್ಲಿ ಎಲ್ಲರೂ ಇರುವಾಗ. ಹಬ್ಬದ ಹಿಂದಿನ ದಿನ ಬೇಡ, ನೆಂಟರು ಬರುವ ದಿನ ಬೇಡ. ಏನು ಬದಲಾಗುತ್ತದೆ ಎಂದು ಹಿರಿಯರಿಗೆ ಮೊದಲೇ ಹೇಳಿ. ನಾನು ಅಮ್ಮನಿಗೆ ಹೇಳಿರಲಿಲ್ಲ. ಅವರಿಗೆ ಬೇಸರವಾದದ್ದು ಸ್ಪೀಕರ್ ಬದಲಾಯಿತೆಂದು ಮಾತ್ರ ಅಲ್ಲ, ತಮ್ಮನ್ನು ಯಾರೂ ಕೇಳಲಿಲ್ಲ ಎಂದು.

ಮೊದಲ ಕೆಲಸ ರಿಮೈಂಡರ್ ಮತ್ತು ಅಲಾರಾಂ ನೋಡುವುದು. ಪಟ್ಟಿ ಓದಿಸಿ ಕೇಳಿ, ಸ್ಕ್ರೀನ್‌ಶಾಟ್ ಜೊತೆ ಹೋಲಿಸಿ. ಬಿಪಿ ಮಾತ್ರೆಯ ರಿಮೈಂಡರ್ ಇದ್ದರೆ ಮೊದಲ ಎರಡು ವಾರ ಫೋನಿನಲ್ಲೂ ಒಂದು ಅಲಾರಾಂ ಇಡಿ. ತುರ್ತು ಸಂದರ್ಭದಲ್ಲಿ 911 ಕರೆಗೆ ಫೋನನ್ನೇ ನಂಬಿ. ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ.

ಆಮೇಲೆ ರೂಟೀನ್‌ಗಳನ್ನು ಒಂದೊಂದಾಗಿ ಓಡಿಸಿ ನೋಡಿ. ಬರೆದಿಟ್ಟ ಮಾತಿಗೆ ರೂಟೀನ್ ಶುರುವಾಗದೆ, ಅದರ ಬಗ್ಗೆ ಮಾತುಕತೆ ಶುರುವಾದರೆ ಆ ಮಾತನ್ನು ಬದಲಿಸಿ. "ಗುಡ್ ನೈಟ್" ಎನ್ನುವಂಥ ದಿನನಿತ್ಯದ ಮಾತಿಗಿಂತ ಬೇರೆಲ್ಲೂ ಬಳಸದ ಎರಡು ಪದ ಒಳ್ಳೆಯದು. ದನಿ, ವೇಗ, ಉತ್ತರದ ಉದ್ದ ಬದಲಿಸುವ ಆಯ್ಕೆ ಇದ್ದರೆ ಇವತ್ತೇ ಬದಲಿಸಿ. ಚಿಕ್ಕ ಉತ್ತರವೇ ಬೇಕು ಎಂದು ಬಾಯಲ್ಲೂ ಹೇಳಿ.

ಎರಡು ವಾರ ಮತ್ತೆ ಫ್ರಿಜ್ ಹಾಳೆ. ಹಳೆಯ ಹಾಳೆಯ ಪಕ್ಕದಲ್ಲೇ ಅಂಟಿಸಿ. ಹೆಚ್ಚು ಬಳಸುತ್ತಿದ್ದವರ ಸಾಲುಗಳು ಕಮ್ಮಿಯಾಗಿದ್ದರೆ ಅದಕ್ಕಿಂತ ದೊಡ್ಡ ಸೂಚನೆ ಇಲ್ಲ. ಅವರು ದೂರು ಹೇಳುವುದಿಲ್ಲ. ಬಳಸುವುದನ್ನು ನಿಲ್ಲಿಸುತ್ತಾರೆ ಅಷ್ಟೇ.

ಮೂರನೆಯ ದಾರಿ, ಕೈ ಕೆಲಸ ಇಷ್ಟಪಡುವವರಿಗೆ

ಮನೆಯ ದೀಪ, ಫ್ಯಾನ್‌ಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವಿದೆ. ಇದು 2013ರಲ್ಲಿ ಶುರುವಾದದ್ದು, ಗೂಗಲ್ ಅಸಿಸ್ಟೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲೇ ಒಂದು ರಾಸ್‌ಬೆರಿ ಪೈ ಅಥವಾ ಚಿಕ್ಕ ಕಂಪ್ಯೂಟರ್‌ನಲ್ಲಿ ಓಡುತ್ತದೆ. 2024ರ ಡಿಸೆಂಬರ್‌ನಲ್ಲಿ ಇವರು ಹೋಮ್ ಅಸಿಸ್ಟೆಂಟ್ ವಾಯ್ಸ್ ಎಂಬ ಪುಟ್ಟ ಸಾಧನ ತಂದರು. ಆಗಿನ ಬೆಲೆ 59 ಡಾಲರ್. ಮೈಕ್ ಆಫ್ ಮಾಡಲು ಕೈಯಲ್ಲಿ ಸರಿಸುವ ಸ್ವಿಚ್ ಇದೆ.

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸೆಟ್ಟಿಂಗ್. ದೀಪ, ಫ್ಯಾನ್‌ನಂಥ ಆದೇಶಗಳನ್ನು ಮೊದಲು ಮನೆಯ ಕಂಪ್ಯೂಟರ್‌ನಲ್ಲೇ ಹಳೆಯ ಅಚ್ಚಿನ ರೀತಿಯಲ್ಲಿ ಮಾಡಲು ನೋಡು, ಆಗದಿದ್ದರೆ ಮಾತ್ರ ಎಐಗೆ ಕೇಳು ಎಂದು ಹೇಳಬಹುದು. ದರ್ಶಿನಿ ಕೌಂಟರ್ ಮತ್ತು ಪರಿಚಯದ ಅಡುಗೆಯವರು ಎರಡೂ ಒಂದೇ ಮನೆಯಲ್ಲಿ. ಇದನ್ನು ಕಟ್ಟಿಕೊಳ್ಳಲು ಎರಡು ಮೂರು ವಾರಾಂತ್ಯ ಬೇಕು, ಮುಂದೆಯೂ ಆಗಾಗ ನೋಡಿಕೊಳ್ಳಬೇಕು. ಮನೆಯಲ್ಲಿ ಅದನ್ನು ಸರಿಪಡಿಸಬಲ್ಲವರು ಒಬ್ಬರೇ ಇದ್ದು ಅವರು ಊರಿಗೆ ಹೋದರೆ ಏನು ಗತಿ ಎಂದು ಮೊದಲೇ ಯೋಚಿಸಿ.

ಹಂತ 10: ಕೋಣೆಗೆ ತಕ್ಕಂತೆ ತೀರ್ಮಾನಿಸಿ

ಅಪ್‌ಗ್ರೇಡ್ ಇಡೀ ಅಕೌಂಟ್‌ಗೆ ಆಗುವುದರಿಂದ ಕೋಣೆಗೊಂದು ಥರ ಇಡಲು ಸಾಧ್ಯವಿಲ್ಲ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಆದರೆ ಒಂದು ಸ್ಪೀಕರನ್ನು ಬೇರೆ ಅಕೌಂಟ್‌ಗೆ ಸೇರಿಸಿ ಹಳೆಯದಾಗಿಯೇ ಉಳಿಸಬಹುದು. ಬೇರೆ ಬೇರೆ ಕಂಪನಿಗಳ ಸಾಧನಗಳು ಹೊಂದಿಕೊಂಡು ಕೆಲಸ ಮಾಡಲೆಂದು 2022ರಲ್ಲಿ ಬಂದ ಮ್ಯಾಟರ್ ಎಂಬ ಮಾನದಂಡದ ಬಲ್ಬ್, ಪ್ಲಗ್‌ಗಳಿದ್ದರೆ ಒಂದೇ ಸಾಧನವನ್ನು ಎರಡು ವ್ಯವಸ್ಥೆಗೆ ಜೋಡಿಸಲೂ ಆಗುತ್ತದೆ. ಹೊಸ ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ ಮ್ಯಾಟರ್ ಗುರುತು ಇದೆಯೇ ನೋಡಿ.

ನಮ್ಮ ಮನೆಯಲ್ಲಿ ಈಗ ಹೀಗಿದೆ. ಹಾಲ್‌ನ ಸ್ಪೀಕರ್ ಹೊಸ ಎಐನದು. ಮಗಳು ಸಂಜೆ ಅದರ ಜೊತೆ ಗ್ರಹಗಳ ಬಗ್ಗೆ ಮಾತಾಡುತ್ತಾಳೆ, ಅನುಮಾನ ಬಂದರೆ ಪುಸ್ತಕ ತೆಗೆದು ನೋಡುತ್ತಾಳೆ. ಅಡುಗೆಮನೆಯದು ಬೇರೆ ಅಕೌಂಟ್‌ನಲ್ಲಿ ಹಳೆಯದಾಗಿಯೇ ಇದೆ. ಅಮ್ಮನ ಫೋನಿನಲ್ಲಿ ಜೆಮಿನಿ ಲೈವ್ ಹಾಕಿಕೊಟ್ಟಿದ್ದೇನೆ. ಮಧ್ಯಾಹ್ನ ಅವರು ಅದರ ಹತ್ತಿರ ಕನ್ನಡದಲ್ಲಿ ಇಲ್ಲಿನ ಗಿಡಗಳ ಬಗ್ಗೆ ಕೇಳುತ್ತಾರೆ. ಹಿತ್ತಲಿನಲ್ಲಿ ಮೆಂತ್ಯ ಸೊಪ್ಪು ಯಾವಾಗ ಹಾಕಬಹುದು ಎಂದು ಮೊನ್ನೆ ಕೇಳಿದರು. ಅದು ಹೇಳಿದ ತಿಂಗಳನ್ನು ಪಕ್ಕದ ಬೀದಿಯಲ್ಲಿರುವ ಕನ್ನಡದವರೊಬ್ಬರ ಹತ್ತಿರ ಇನ್ನೊಮ್ಮೆ ಕೇಳಿ, ಆಮೇಲೆ ಬೀಜ ನೆನೆಹಾಕಿದರು.